ಮಕ್ಕಳ ಸಿಟ್ಟು, ಅಳು, ಹೆದರಿಕೆ: ಧರ್ಮೋಪದೇಶ ಹೇಳುವ ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರಿಯ ಗೆಳೆಯಾ,

ನಿಮ್ಮ ತೀರ್ಥಹಳ್ಳಿ ಕಡೆಯ ಚರ್ಚಿನ ಧರ್ಮಕೇಂದ್ರದಲ್ಲಿ ಏಳನೇ, ಎಂಟನೇ ತರಗತಿ ಮಕ್ಕಳ ಧರ್ಮೋಪದೇಶ ಈ ವರ್ಷ ನಿನ್ನ ಪಾಲಿಗೆ ಬಂದಿದೆ ಎಂದು ಬರೆದಿದ್ದೆ. ದೇವರ ಹತ್ತು ಕಟ್ಟಳೆಗಳನ್ನು ಗಿಣಿಪಾಠ ಒಪ್ಪಿಸಿದ ಮಕ್ಕಳೇ ಹೊರಗೆ ಹೋಗಿ ಹೊಡೆದಾಡುತ್ತಾರೆ, ಮನಸ್ಸಿಗೆ ನಾಟಬೇಕಾದರೆ ಅವರನ್ನು ಅಳಿಸಬೇಕೇನೋ ಎಂದು ಕೇಳಿದ್ದೆ. ಅಳಿಸಬೇಡ ಮಾರಾಯ. ಹಾಗಂತ ಭಾವನೆಯನ್ನು ಹೊರಗಿಟ್ಟು ಬರೀ ಕಟ್ಟಳೆ ಕಲಿಸಲಿಕ್ಕೂ ಹೋಗಬೇಡ.

1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ 1762ರಿಂದ 1775ರವರೆಗಿನ ಕಲಂಗಳನ್ನು ಮೊದಲು ಓದಿಕೋ. ಸಿಟ್ಟು, ಭಯ, ಆಸೆ, ದುಃಖ ತಮ್ಮಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ ಎನ್ನುತ್ತದೆ 1767. ಮನುಷ್ಯ ಸಂಕಲ್ಪಬಲ ಒಂದರಿಂದಲೇ ಒಳ್ಳೆಯದರ ಕಡೆ ನಡೆದರೆ ಸಾಲದು, ಅವನ ಒಡಲಿನ ಆಸೆಯೂ ಅತ್ತಲೇ ತುಡಿಯಬೇಕು ಎನ್ನುತ್ತದೆ 1770. ಹಲ್ಲು ಕಚ್ಚಿ ಕ್ಷಮಿಸಿದ ಹುಡುಗ ಒಳ್ಳೆಯದನ್ನೇ ಮಾಡಿದ್ದಾನೆ. ಆದರೆ ಅವನ ಹೃದಯ ಇನ್ನೂ ಹದಕ್ಕೆ ಬರಬೇಕು. ನಿನ್ನ ಕೆಲಸ ಇರುವುದು ಅಲ್ಲೇ. ಭಾವನೆಯೇ ಇಲ್ಲದ ಸ್ಥಿತಿಯನ್ನು ಹೊಗಳುತ್ತಿದ್ದ ಸ್ತೋಯಿಕರೆಂಬ ಹಳೆಯ ತತ್ವಜ್ಞಾನಿಗಳಿಗೆ ಸಂತ ಅಗಸ್ಟೀನ್ ಕೊಟ್ಟ ಉತ್ತರವೂ ಇದೇ: ಪ್ರೀತಿ ನೇರವಾಗಿದ್ದರೆ ಭಯ, ದುಃಖ, ಸಂತೋಷ ಎಲ್ಲವೂ ನೇರ. ತೀರಿಹೋದ ಗೆಳೆಯ ಲಾಜರನ ಗೋರಿಯ ಬಳಿ ಯೇಸುಸ್ವಾಮಿ ಕಣ್ಣೀರಿಟ್ಟದ್ದನ್ನು ಅವರು ಇದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ.

ಭಾವನೆಯನ್ನು ಅಪ್ಪಣೆ ಕೊಟ್ಟು ಬದಲಿಸಲಾಗದು. "ಹೆದರಬೇಡ", "ಪ್ರೀತಿಸು" ಎಂದರೆ ಮಗು ತಲೆಯಾಡಿಸುತ್ತದೆ, ಅಷ್ಟೇ. ಪ್ರತಿ ಭಾವನೆಯ ಕೆಳಗೂ ಮಗು ಕಂಡುಕೊಂಡ ಒಂದು ವಿಷಯ ಇರುತ್ತದೆ. ಆ ಕಾಣ್ಕೆ ತಿದ್ದಿದರೆ ಭಾವನೆ ತಿರುಗುತ್ತದೆ. ನಮ್ಮ ಕಡೆಯದೇ ಉದಾಹರಣೆ ಕೊಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಇಂದಿಗೂ ಮಲೆನಾಡು ಹೆದರುತ್ತದೆ, ಹೆದರಬೇಕು ಕೂಡ. ಆದರೆ ಅದು ಹರಡುವುದು ಉಣುಗು ಕಚ್ಚಿ, ಮನುಷ್ಯರಿಂದ ಮನುಷ್ಯರಿಗಲ್ಲ. ಇದು ಗೊತ್ತಿಲ್ಲದವನ ಭಯ ರೋಗಿಯ ಮನೆ ಬಾಗಿಲಿಗೆ ಹೋಗದಂತೆ ತಡೆಯುತ್ತದೆ. ಗೊತ್ತಿದ್ದವನ ಭಯ ಸತ್ತ ಮಂಗನ ಹತ್ತಿರ ಹೋಗದಂತೆ, ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋದಾಗ ಮೈ ಮುಚ್ಚಿಕೊಳ್ಳುವಂತೆ ಮಾಡುತ್ತದೆ. ರೋಗಿಯ ಮನೆಗೆ ಗಂಜಿ ಒಯ್ಯಲು ಅಡ್ಡ ಬರುವುದಿಲ್ಲ. ದಾರಿಹೋಕ ಸಮಾರಿಯದವನ ಕತೆಯನ್ನು ಇದರ ಜೊತೆಗೇ ಓದಿಸು. ಕಳ್ಳರು ಬಡಿದು ಬಿಟ್ಟುಹೋದ ಗಾಯಾಳುವನ್ನು ಆ ದಾರಿಯಲ್ಲಿ ಬಂದ ಮೂವರೂ ಕಂಡರು, ಕನಿಕರ ಹುಟ್ಟಿದ್ದು ಒಬ್ಬನಿಗೆ, ಅವನ ಕನಿಕರ ಎಣ್ಣೆ, ದ್ರಾಕ್ಷಾರಸ, ಬಟ್ಟೆ, ಎರಡು ನಾಣ್ಯದ ಲೆಕ್ಕದವರೆಗೂ ಹೋಯಿತು.

ಸಿಟ್ಟಿನ ಪಾಠಕ್ಕೆ ಮಾರ್ಕನ ಶುಭಸಂದೇಶ 3:1-5 ತೆಗೆದುಕೋ: ಕೈ ಬತ್ತಿದವನನ್ನು ಯೇಸು ವಿಶ್ರಾಂತಿಯ ದಿನ ವಾಸಿಮಾಡಿದರೆ ತಪ್ಪು ಹೊರಿಸಲು ಕೆಲವರು ಕಾದಿದ್ದ ಪ್ರಸಂಗ. ನಲವತ್ತು ನಿಮಿಷದ ತರಗತಿಯಾದರೆ ಓದಿಗೆ ಹತ್ತು ನಿಮಿಷ ಸಾಕು. ಆಮೇಲೆ ಮೂರೇ ಪ್ರಶ್ನೆ: ಯೇಸುವಿಗೆ ಸಿಟ್ಟು ಬಂದದ್ದು ಏನು ಕಂಡು? ಕಂಡದ್ದು ನಿಜವೇ? ಆ ಸಿಟ್ಟು ಏನು ಮಾಡಿಸಿತು? ಮೂರನೆಯದರಲ್ಲಿ ನಿಲ್ಲು, ಅವಸರ ಬೇಡ. ಅಲ್ಲಿ ಸಿಟ್ಟಿನ ಜೊತೆಗೇ ದುಃಖವೂ ಇದೆ, ಕೊನೆಗೆ ಆದದ್ದು ಬತ್ತಿದ ಕೈ ವಾಸಿಯಾದದ್ದು. ನಂತರ ಅದೇ ಮೂರು ಪ್ರಶ್ನೆಗಳನ್ನು ತಮ್ಮ ಒಂದು ಸಿಟ್ಟಿಗೆ ಹಾಕಿಕೊಂಡು ಚೀಟಿಯಲ್ಲಿ ಬರೆಯಲಿ. ಹೆಸರು ಬೇಡ, ಚೀಟಿ ನಿನಗೂ ಬೇಡ. ಊರಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ಬಾಯಿಬಿಟ್ಟು ಹೇಳಿಸಿದರೆ ಅಪ್ಪ-ಚಿಕ್ಕಪ್ಪನ ಬೇಲಿ ಜಗಳ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ, ಮುಂದಿನ ಭಾನುವಾರ ಆ ಮಗು ಬರುವುದಿಲ್ಲ.

ಸೂರ್ಯ ಮುಳುಗುವುದರೊಳಗೆ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ. ತೋಟ ದಾಟಿ ಮನೆ, ಹಳ್ಳ ದಾಟಿ ಇನ್ನೊಂದು ಮನೆ ಇರುವ ನಿಮ್ಮಲ್ಲಿ ಆಷಾಢದ ಮಳೆಯಲ್ಲಿ ಹೋಗಿ ರಾಜಿಯಾಗು ಎಂದರೆ ಆಗದ ಮಾತು. ಅಂದು ರಾತ್ರಿ ಮಗು ತಾನು ಜಗಳವಾಡಿದವನ ಹೆಸರು ಹಿಡಿದು ಪ್ರಾರ್ಥಿಸಲಿ, ಕಂಡ ಕೂಡಲೇ ಮೊದಲು ತಾನೇ ಮಾತಾಡಿಸಲಿ. ಎಲ್ಲರೆದುರು ನಿಲ್ಲಿಸಿ "ಸಾರಿ ಹೇಳು" ಎಂದು ಮಾತ್ರ ಮಾಡಬೇಡ. ಅದರಿಂದ ಮಗು ಕಲಿಯುವುದು ನಟನೆ.

ನನಗೆ ಎಲ್ಲಕ್ಕಿಂತ ಕಳವಳ ತಪ್ಪಿತಸ್ಥ ಭಾವದ ಬಗ್ಗೆ. ಯೇಸುವನ್ನು ಅರಿಯೆ ಎಂದ ಶಿಷ್ಯ ಪೇತ್ರನೂ ಅತ್ತ, ಅವರನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಪಶ್ಚಾತ್ತಾಪಪಟ್ಟ. ಪೇತ್ರನ ಅಳು ಬಂದದ್ದು ಸ್ವಾಮಿ ತಿರುಗಿ ಅವನನ್ನು ನೋಡಿದಾಗ. ಯೂದ ಅದಕ್ಕೆ ಪಡೆದಿದ್ದ ಮೂವತ್ತು ನಾಣ್ಯ ಹಿಡಿದು ಹೋದದ್ದು ಮುಖ್ಯಯಾಜಕರ ಬಳಿ. ಅವರು ನಮಗೇನು, ಅದು ನಿನ್ನ ಪಾಡು ಎಂದುಬಿಟ್ಟರು. ಮಗು ತಪ್ಪು ಒಪ್ಪಿಕೊಂಡು ಬಂದಾಗ ಆ ಮಾತು ನಿನ್ನ ಬಾಯಿಂದ ಬರಕೂಡದು. "ನೀನು ಕಳ್ಳ" ಎನ್ನಬೇಡ, "ಇದು ಕದ್ದದ್ದು, ಹೇಗೆ ವಾಪಸ್ ಕೊಡೋಣ" ಎನ್ನು. ದೈವಿಕ ದುಃಖ ಮನಪರಿವರ್ತನೆಗೆ ಒಯ್ಯುತ್ತದೆ, ಲೋಕದ ದುಃಖ ಸಾವಿಗೆ ಎಂದು ಪೌಲ ಬರೆದದ್ದು ಇಂಥದ್ದಕ್ಕೇ. ನರಕದ ಚಿತ್ರ ತೋರಿಸಿ ಹೆದರಿಸಿದರೆ ಪಾಪನಿವೇದನೆಗೆ ಸಾಲು ಉದ್ದವಾಗುತ್ತದೆ ನಿಜ, ಆದರೆ ಹೇಳಲೇಬೇಕಾದದ್ದನ್ನೇ ಮಗು ಮುಚ್ಚಿಡುತ್ತದೆ.

ಧ್ಯಾನಕೂಟದಲ್ಲಿ ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರೆ ಹೀಗಳೆಯಬೇಡ, ಅದರ ಮೇಲೆ ಭಾರ ಹೊರಿಸಲೂ ಬೇಡ. ಆ ಆವೇಶದಲ್ಲಿ ದೊಡ್ಡ ಹರಕೆ ಹೊರಿಸಿದರೆ ಹದಿನೈದು ದಿನಕ್ಕೆ ಮುರಿಯುತ್ತದೆ, ಆಮೇಲೆ ದೇವರ ಮುಂದೆ ಬರಲೇ ನಾಚುತ್ತಾರೆ. ಒಂದು ವಾರದಲ್ಲಿ ಮಾಡಿ ಮುಗಿಸುವಂಥ ಸಣ್ಣ ಕೆಲಸ ಹೇಳು, ಮುಂದಿನ ಭಾನುವಾರ ತಪ್ಪದೆ ಕೇಳು. ಒಳಗೆ ಬರಡಾದಾಗ ಹಿಂದಿನ ನಿರ್ಧಾರ ಬದಲಿಸಬೇಡ ಎಂಬ ಸಂತ ಇಗ್ನೇಷಿಯಸರ ನಿಯಮವನ್ನು ದೊಡ್ಡ ಮಕ್ಕಳಿಗೆ ಹೇಳಿಕೊಡು. ಇಗ್ನೇಷಿಯಸರೇ ಕಲಿಸಿದ ಆತ್ಮಶೋಧನೆಯನ್ನೂ ರಾತ್ರಿ ಪ್ರಾರ್ಥನೆಗೆ ಮೂರು ನಿಮಿಷ ಸೇರಿಸು: ಮೊದಲು ಕೃತಜ್ಞತೆ, ಆಮೇಲೆ ಬೆಳಕು ಬೇಡುವುದು, ದಿನವನ್ನು ನೋಡುವುದು, ಕ್ಷಮೆ, ನಾಳೆಯ ನಿರ್ಧಾರ. ಈ ಕ್ರಮ ತಿರುಗಿಸಬೇಡ. ತಪ್ಪಿನಿಂದ ಶುರುಮಾಡಿದ ಮಗು ಅಲ್ಲೇ ಸಿಕ್ಕಿಬೀಳುತ್ತದೆ.

ಅಳುವವರ ಜೊತೆ ಅಳುವುದು ಮಕ್ಕಳಿಗೆ ಬೇಗ ಬರುತ್ತದೆ, ಸಂತೋಷಪಡುವವರ ಜೊತೆ ಸಂತೋಷಪಡುವುದೇ ಕಷ್ಟ. ತಮ್ಮ ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದು ಪಕ್ಕದವರ ಅಡಿಕೆ ಚೆನ್ನಾಗಿದ್ದಾಗ ಮನೆಯಲ್ಲಿ ಆಡುವ ಮಾತು ಅವರ ಕಿವಿಗೂ ಬಿದ್ದಿರುತ್ತದೆ. ಈ ಪಾಠವನ್ನು ಕೊಯ್ಲಿನ ಕಾಲಕ್ಕೇ ಇಟ್ಟುಕೋ.

ಮಳೆಗಾಲದಲ್ಲಿ ನಾಲ್ಕೈದೇ ಮಕ್ಕಳು ಬರುವ ಭಾನುವಾರಗಳಿಗೆ ಬೈಬಲಿನ ಕೀರ್ತನೆಗಳು ಸರಿ. 88ನೆಯದನ್ನು ಬಿಡಬೇಡ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಇಲ್ಲ. ನೀನೂ ಸೇರಿಸಬೇಡ, ಓದಿ ಸುಮ್ಮನಿರು, ಮಕ್ಕಳೇ ಮಾತಾಡಲಿ. ಮೊದಲ ಮೂರು ತರಗತಿಗಳ ಟಿಪ್ಪಣಿ ಬರೆದರೆ ನನಗೆ ಕಳಿಸು, ನೋಡಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ