ನಾಲ್ಕು ಅಕ್ಷರ, ಕೊನೆಯದು ‘ರಿ’

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಅಂಗಡಿಯಲ್ಲಿ ಜನ ಇದ್ದರು, ಪುಡಿ ಮಾಡುವ ಮಿಷನ್ ಸದ್ದು ಬೇರೆ. “ಇನ್ನೂ ದಿನಾ ಪದಬಂಧ ಬಿಡಿಸ್ತಾ ಕೂರ್ತೀಯಾ? ಫೋನಲ್ಲಿ ಹುಡುಕಿದ್ರೆ ಎಲ್ಲಾ ಸಿಗುತ್ತಲ್ಲೋ” ಅಂದೆ. ಆ ಮಾತು ತಲೆಯಲ್ಲೇ ಉಳಿಯಿತು. ಅದಕ್ಕೇ ಈ ಪತ್ರ. ಬೇರೆಯವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಹುಡುಕಿದರೆ ಸಿಗುತ್ತದೆ, ನಿಜ. ಆದರೆ ಏನು ಹುಡುಕಬೇಕು ಅಂತ ಮೊದಲು ಗೊತ್ತಿರಬೇಕಲ್ವಾ? ನಮಗೆ ಬೇಕಾದದ್ದನ್ನು ನಾವು ಹುಡುಕುತ್ತೇವೆ. ನಾನಾದರೆ ಕಾಫಿ ಬೀಜದ ರೇಟು, ಬಸ್ಸಿನ ಟೈಮು. ಇಂಥ ಒಂದು ವಿಷಯ ಇದೆ ಎಂದೇ ಗೊತ್ತಿಲ್ಲದಿದ್ದರೆ ಅದನ್ನು ಯಾರು ಹುಡುಕುತ್ತಾರೆ? ಪದಬಂಧ ನನಗೆ ಕೊಡುವುದು ಅದನ್ನೇ. ನಾನಾಗಿ ಎಂದೂ ಕೇಳಿಕೊಳ್ಳದ ಒಂದು ಪ್ರಶ್ನೆ.

ಈ ಮುಂಗಾರಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳು. ಕೌಂಟರ್ ಮೇಲೆ ಎಂದಿನಂತೆ ಪೇಪರ್ ಹರಡಿಕೊಂಡಿದ್ದೆ. ಒಂದು ಸುಳಿವು: ‘ಆಲೂಗಡ್ಡೆ ಬೆಳೆಗಾರನ ನಿದ್ದೆ ಕೆಡಿಸುವ ರೋಗ (4)’. ಕೊನೆಯ ಅಕ್ಷರ ‘ರಿ’ ಅಂತ ಆಗಲೇ ಸಿಕ್ಕಿತ್ತು. ಮೇಲಿನಿಂದ ಇಳಿದು ಅದನ್ನು ದಾಟುವ ಪದ ಚಿಕೋರಿ. ಕಾಫಿಪುಡಿ ಮಾರುವವನಿಗೆ ಅದು ಹೊಳೆಯದೇ ಇರುತ್ತದೆಯೇ? ಆದರೆ ರೋಗದ ಹೆಸರು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆಲೂಗಡ್ಡೆ ಬೆಳೆದವರಲ್ಲ. ಹಾಸನದಲ್ಲೇ ಹುಟ್ಟಿ, ಸಂತೇಪೇಟೆಯಲ್ಲಿ ಮೂಟೆಗಟ್ಟಲೆ ಆಲೂಗಡ್ಡೆ ಇಳಿಯುವುದನ್ನು ನೋಡುತ್ತಾ ಬೆಳೆದರೂ ಆ ಬೆಳೆಯ ಕಷ್ಟ ಏನು ಅಂತ ಕೇಳಿದವನಲ್ಲ.

ಆಗ ಕಂದಲಿ ಕಡೆಯ ರೈತರೊಬ್ಬರು ಪುಡಿಗೆ ಬಂದಿದ್ದರು. ಸುಳಿವು ಓದಿ ಹೇಳಿದೆ. “ಅಂಗಮಾರಿ ಕಣ್ರೀ, ಇನ್ಯಾವುದು” ಅಂದರು. ಅಂ, ಗ, ಮಾ, ರಿ. ಸರಿಯಾಗಿ ಕೂತಿತು. ನಾನು ಅಷ್ಟಕ್ಕೇ ಬಿಡಲಿಲ್ಲ, ಅವರೂ ಬಿಡಲಿಲ್ಲ. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಈ ರೋಗ ಬರುತ್ತದಂತೆ. ಮೊದಲು ಎಲೆ ಅಂಚಿನಲ್ಲಿ ನೀರಲ್ಲಿ ನೆಂದಂಥ ಮಚ್ಚೆ. ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ಬೂಸ್ಟು. ಆಮೇಲೆ ಕೆಲವೇ ದಿನದಲ್ಲಿ ಇಡೀ ಹೊಲ, ಅವರ ಮಾತಲ್ಲೇ ಹೇಳುವುದಾದರೆ, ಬಿಸಿನೀರು ಹುಯ್ದ ಹಾಗೆ. ಮಚ್ಚೆ ಕಂಡ ಮೇಲೆ ಔಷಧಿ ಹುಡುಕಿಕೊಂಡು ಹೋದರೆ ತಡವಾಯಿತು ಅಂತಲೇ ಲೆಕ್ಕ, ಮುಂಚೆಯೇ ಹೊಡೆದಿರಬೇಕು. ಬಿತ್ತನೆ ಗೆಡ್ಡೆ ಬರುವುದು ದೂರದ ಜಲಂಧರ್‌ನಿಂದ. ಗೆಡ್ಡೆಯೊಳಗೇ ರೋಗ ಅಡಗಿ ಬಂದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸಾಲ ಮಾಡಿ ಬಿತ್ತಿದ ಹೊಲ ಹೀಗೆ ಹೋದಾಗ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಿನ್ನ ಫೋನಿನ ಮಾತಿನಂತೆಯೇ ಹುಡುಕಿದೆ. ಈಗ ಹುಡುಕಲು ನನ್ನ ಕೈಯಲ್ಲಿ ಒಂದು ಹೆಸರಿತ್ತು. ಸಿಕ್ಕಿದ್ದು ಎಲ್ಲಿಯದು ಗೊತ್ತಾ? ಐರ್ಲೆಂಡ್. 1845ರಲ್ಲಿ ಇದೇ ಅಂಗಮಾರಿ ಆ ದೇಶಕ್ಕೆ ಬಂದಿತ್ತು. ಅಲ್ಲಿನ ಬಡವರಿಗೆ ಮೂರು ಹೊತ್ತೂ ಆಲೂಗಡ್ಡೆಯೇ ಊಟ. ಬೆಳೆಯುತ್ತಿದ್ದದ್ದೂ ಹೆಚ್ಚಾಗಿ ಒಂದೇ ತಳಿ. ಗೆಡ್ಡೆಯಿಂದಲೇ ಗೆಡ್ಡೆ ಬೆಳೆಸುವುದರಿಂದ ಎಲ್ಲಾ ಗಿಡಗಳೂ ಒಂದೇ ಗುಣದವು. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಅದರ ಜೊತೆ ಬಂದ ಕಾಯಿಲೆಗಳಿಂದ ಸತ್ತರು. ಇನ್ನೂ ಅಷ್ಟೇ ಜನ, ಅದಕ್ಕಿಂತ ಜಾಸ್ತಿಯೇ ಇರಬಹುದು, ಹಡಗು ಹತ್ತಿ ದೇಶ ಬಿಟ್ಟರು. ರೋಗವೊಂದೇ ಕಾರಣವಲ್ಲ. ಜನ ಉಪವಾಸ ಬಿದ್ದಿದ್ದಾಗಲೂ ಅಲ್ಲಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಆಳುವವರು ಮನಸ್ಸು ಮಾಡಿದ್ದರೆ ಅಷ್ಟು ಜೀವ ಹೋಗುತ್ತಿರಲಿಲ್ಲ ಅನ್ನುವುದು ಓದಿದ ಮೇಲೆ ನನಗೆ ಅನ್ನಿಸಿದ್ದು.

ಮುಂದಿನ ಸಲ ಆ ರೈತರು ಬಂದಾಗ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, “ಅವರಿಗೆ ಹೊಡೆಯಕ್ಕೆ ಔಷಧಿ ಇರಲಿಲ್ವಾ?” ಅಂದರು. ನೋಡು, ಇನ್ನೊಂದು ಪ್ರಶ್ನೆ. ಇದು ಪೇಪರಿನಲ್ಲೂ ಇರಲಿಲ್ಲ.

ಇರಲಿಲ್ಲ. ಔಷಧಿ ಬಂದದ್ದು ಸುಮಾರು 40 ವರ್ಷ ಆದ ಮೇಲೆ, ಅದೂ ಬೇರೆ ಬೆಳೆಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟದವರು ದಾರಿ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಸುಣ್ಣ ಕಲಸಿ ಎರಚುತ್ತಿದ್ದರು. ದಾರಿಹೋಕರು ಹಣ್ಣು ಕದಿಯಬಾರದು ಅನ್ನುವುದಕ್ಕೆ ಅಷ್ಟೇ. ಮಿಲಾರ್ಡೆ ಎಂಬ ವಿಜ್ಞಾನಿ ಒಂದು ವಿಷಯ ಗಮನಿಸಿದರು. ತೋಟದ ಒಳಗಿನ ಬಳ್ಳಿಗಳು ರೋಗದಿಂದ ಎಲೆ ಉದುರಿಸಿದ್ದವು, ದಾರಿ ಪಕ್ಕದವು ಹಸಿರಾಗಿದ್ದವು. ಅಲ್ಲಿಂದ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅದೇ ಬೋರ್ಡೋ ದ್ರಾವಣ.

ಈ ಹೆಸರು ಕೇಳಿದ್ದೀಯಲ್ವಾ? ಕೊಪ್ಪದಲ್ಲಿ ನಿಮ್ಮ ಮಾವನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೋದಾಗ ಡ್ರಮ್ಮಿನಲ್ಲಿ ನೀಲಿ ನೀರು ಕಲಸುತ್ತಿದ್ದದ್ದು ಅದೇ. ಕೊಳೆರೋಗ ಬಾರದಿರಲಿ ಎಂದು ಅಡಿಕೆ ಗೊನೆಗೆ ಹೊಡೆಯುತ್ತಾರಲ್ಲ, ಅದು. ಅದಕ್ಕೂ ಮೊದಲು ಮಲೆನಾಡಿನವರಿಗೆ ಗೊತ್ತಿದ್ದದ್ದು ಮರ ಹತ್ತಿ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದೊಂದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇಲ್ಲಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ಹೊಡೆಯುವುದನ್ನು ರೈತರಿಗೆ ತೋರಿಸಿಕೊಟ್ಟರು. ಆಲೂಗಡ್ಡೆಯ ಅಂಗಮಾರಿ, ಅಡಿಕೆಯ ಕೊಳೆ, ಎರಡಕ್ಕೂ ಕಾರಣ ಒಂದೇ ಕುಲದ ಜೀವಿಗಳು. ಫೈಟಾಫ್ತೊರ ಅಂತ ಹೆಸರು. ನೀರಿದ್ದರೆ ಈಜಿಕೊಂಡು ಹರಡುತ್ತವೆ. ಜಡಿಮಳೆಗೂ ಅವಕ್ಕೂ ಇರುವ ನಂಟು ಅದು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದರ ಹಿಂದೆಯೂ ಇದೇ ಕೋಲ್ಮನ್ ಇದ್ದರು. ನಾನು ದಿನಾ ಪುಡಿ ಮಾಡಿ ಮಾರುವ ಬೀಜಕ್ಕೂ ಅವರ ಋಣ ಇದೆ. ನಾಲ್ಕು ಮನೆಯ ಒಂದು ಪದ ಹಿಡಿದು ಹೊರಟವನು ನನ್ನ ಅಂಗಡಿಗೇ ಬಂದು ಮುಟ್ಟಿದೆ.

ಹೇಳು, ಇದರಲ್ಲಿ ಯಾವುದನ್ನು ನಾನಾಗಿ ಹುಡುಕುತ್ತಿದ್ದೆ?

ಎಲ್ಲಾ ದಿನವೂ ಹೀಗಿರುವುದಿಲ್ಲ. ‘ಕಮಲ (3)’, ‘ಸೂರ್ಯ (2)’ ಅಂತ ಒಂದು ಪದಕ್ಕೆ ಇನ್ನೊಂದು ಪದ ಕೇಳುವ ಸುಳಿವುಗಳೇ ತುಂಬಿದ್ದರೆ ನನಗೆ ಅಷ್ಟು ರುಚಿಸುವುದಿಲ್ಲ. ಊರು, ನದಿ, ಕಸುಬು, ಬೆಳೆ, ಪಾತ್ರ, ಇಂಥವು ಬೇಕು. ಅದನ್ನು ದಿನಾ ಹೊಸದಾಗಿ ಹೆಣೆಯುವುದು ಸಣ್ಣ ಕೆಲಸವಲ್ಲ. ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಸೇರಿದವರು. ಅಂಥವರ ಬಗ್ಗೆ ನನಗೆ ತುಂಬಾ ಗೌರವ.

ಕಷ್ಟ ಎಲ್ಲಿದೆ ಅಂತ ನನಗೆ ಗೊತ್ತಾದದ್ದು ನಾನೇ ಒಂದು ಹೆಣೆಯಲು ಕೂತ ಮೇಲೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟರು. ವಜ್ರದ ಆಕಾರ, ನಡುವೆ ಖಾಲಿ. ಇಂಗ್ಲಿಷಿನಲ್ಲಿ ಒಂದೊಂದು ಮನೆಗೆ 26 ಅಕ್ಷರಗಳಲ್ಲಿ ಯಾವುದೋ ಒಂದು ಕೂರಬೇಕು, ಅಷ್ಟೆ. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲಾ ಸೇರಿ ಒಂದೇ ಮನೆ. ಬಿಡಿಸುವವರಿಗೆ ಇದರಿಂದ ಅನುಕೂಲ. ಎರಡಕ್ಷರದ ಪದದಲ್ಲಿ ‘ಸ್ತ್ರ’ ಸಿಕ್ಕಿತು ಅನ್ನು. ವಸ್ತ್ರ, ಅಸ್ತ್ರ, ಶಸ್ತ್ರ, ಶಾಸ್ತ್ರ, ಇವಿಷ್ಟರಲ್ಲೇ ಹುಡುಕಿದರೆ ಸಾಕು. ಹೆಣೆಯುವವರಿಗೆ ಮಾತ್ರ ಅದೇ ತಲೆನೋವು. ನಮ್ಮ ಜಿಲ್ಲೆಯ ಪದಬಂಧ ಮಾಡೋಣ ಅಂತ ಹೊರಟೆ. ಹಲ್ಮಿಡಿ ಇಲ್ಲದೆ ಹೇಗೆ? ಬೇಲೂರು ತಾಲ್ಲೂಕಿನ ಆ ಊರಲ್ಲಿ ಎಂ.ಎಚ್. ಕೃಷ್ಣ ಅವರಿಗೆ 1936ರಲ್ಲಿ ಸಿಕ್ಕಿದ ಶಾಸನ, ಸುಮಾರು ಕ್ರಿ.ಶ. 450ರದ್ದು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿ ಅದರ ಪ್ರತಿ ನಿಲ್ಲಿಸಿದ್ದಾರೆ. ಸರಿ, ಹ, ಲ್ಮಿ, ಡಿ ಎಂದು ಬರೆದೆ. ಆ ‘ಲ್ಮಿ’ಯನ್ನು ದಾಟಲು ಇನ್ನೊಂದು ಪದ ಎಲ್ಲಿಂದ ತರುವುದು? ವಾಲ್ಮೀಕಿ ಹತ್ತಿರ ಬರುತ್ತಾನೆ, ಆದರೆ ಅಲ್ಲಿರುವುದು ‘ಲ್ಮೀ’. ಕೊನೆಗೆ ಅದರ ಮೇಲೆ ಕೆಳಗೆ ಎರಡೂ ಮನೆ ಕಪ್ಪು ಮಾಡಿದೆ.

ಅದೇ ಪದಬಂಧಕ್ಕೆ ‘ಉಪಗ್ರಹ’ ಹಾಕಿದ್ದೇನೆ. ಸಾಲಗಾಮೆ ರಸ್ತೆಯ ಎಂ.ಸಿ.ಎಫ್., ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ನಿನಗೆ ಗೊತ್ತು. 1982ರಿಂದ ಇಲ್ಲಿದೆ. ಚಿಕ್ಕವರಿದ್ದಾಗ ಆ ದೊಡ್ಡ ಬಿಳಿ ಡಿಶ್‌ಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆವು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ನಮ್ಮಲ್ಲಿಗೆ ಪುಡಿಗೆ ಬರುತ್ತಾರೆ. ಸುಳಿವು ಹೇಗೆ ಕೊಡಲಿ ಎಂದು ಅವರನ್ನು ಕೇಳಿದೆ. ಇಲ್ಲಿಂದ ನೋಡಿಕೊಳ್ಳುವ ಉಪಗ್ರಹ ಸುಮಾರು 36,000 ಕಿ.ಮೀ. ಮೇಲೆ, ಭೂಮಿಯ ಜೊತೆಗೇ ದಿನಕ್ಕೊಂದು ಸುತ್ತು ಹಾಕುತ್ತಾ, ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದಂತೆ. ಆದರೆ ಸೂರ್ಯ, ಚಂದ್ರರ ಸೆಳೆತಕ್ಕೆ ಜಾಗ ಬಿಟ್ಟು ಸರಿಯುತ್ತಲೇ ಇರುತ್ತದೆ. ಆಗಾಗ ಸ್ವಲ್ಪ ಇಂಧನ ಉರಿಸಿ ಅದನ್ನು ಮತ್ತೆ ಅದರ ಜಾಗಕ್ಕೆ ತರಬೇಕು. ಆ ಕೆಲಸ ನಡೆಯುವುದು ಇಲ್ಲಿಂದ. ಯಂತ್ರ ಎಲ್ಲಾ ಚೆನ್ನಾಗಿದ್ದರೂ ಇಂಧನ ಮುಗಿಯುವ ಹೊತ್ತಿಗೆ ಅದರ ಕೆಲಸ ಮುಗಿಯಿತು. ಕೊನೆಯ ಇಂಧನದಲ್ಲಿ ಅದನ್ನು ಇನ್ನೂ ಮೇಲಕ್ಕೆ ತಳ್ಳಿ ಬೇರೆಯವಕ್ಕೆ ಜಾಗ ಬಿಡಿಸುತ್ತಾರೆ. ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ಮೆತ್ತಗಾಯಿತು. ವರ್ಷಗಟ್ಟಲೆ ಕಾಯ್ದವರಿಗೆ ಹಾಗಾಗುವುದು ಸಹಜ. ನನ್ನ ಸುಳಿವು ಈಗ ಹೀಗಿದೆ: ‘ನಿಂತಂತೆ ಕಂಡರೂ ನಿಲ್ಲದು, ಹಾಸನದ ಮಾತು ಕೇಳುವುದು (4)’. ಅವರಿಗೆ ಇಷ್ಟವಾಯಿತು.

ಚಿಕೋರಿಯದ್ದೂ ಹೇಳಿಬಿಡುತ್ತೇನೆ. ಅದು ಬೇರು, ಗುಜರಾತಿನ ಕಡೆ ಬೆಳೆಯುತ್ತಾರೆ, ಪುಡಿಯಲ್ಲಿ ಅದು ಎಷ್ಟೇ ಇದ್ದರೂ ಕಾಫಿ 51 ಪರ್ಸೆಂಟಿಗೆ ಕಮ್ಮಿ ಇರಬಾರದು ಎಂದು ಕಾನೂನಿದೆ, ಇದೆಲ್ಲ ನನಗೆ ವ್ಯಾಪಾರದಿಂದಲೇ ಗೊತ್ತು. ಆ ಗಿಡ ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು, ಅದರ ಹೂವು ನೀಲಿ ಅನ್ನುವುದು ಮಾತ್ರ ಪದಬಂಧದ ದೆಸೆಯಿಂದ ತಿಳಿಯಿತು. ಫೋಟೋ ನೋಡಿದೆ. ತುಂಬಾ ಚೆಂದ ಇದೆ ಕಣೋ. ಕೇಳಿದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದೇನೆ.

ಈಗ ನಿನ್ನ ಸರದಿ. ನೀನು ಹುಬ್ಬಳ್ಳಿ ಸೇರಿ ಇಷ್ಟು ವರ್ಷವಾಯಿತಲ್ಲ, ನಿನಗಾಗಿ ಒಂದು ಸುಳಿವು ಮಾಡಿದ್ದೇನೆ. ‘ಜಮಖಾನಕ್ಕೆ ಹೆಸರಾದ ಊರು, ನಿನಗೆ ದೂರವಿಲ್ಲ (5)’. ಮೂರನೆಯ ಅಕ್ಷರ ‘ಲ’. ಫೋನು ನೋಡಬೇಡ. ಆಫೀಸಿನಲ್ಲಿ ಆ ಕಡೆಯವರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಕೇಳು. ಬರೀ ಊರಿನ ಹೆಸರು ಬರೆದು ಕಳಿಸಿದರೆ ನಾನು ಒಪ್ಪುವುದಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ಬಾ. ಅಲ್ಲಿ ಜಮಖಾನ ನೇಯುವವರು ಹೆಂಗಸರು. ಮಗ್ಗದ ಹತ್ತಿರ ಕೂತು ಮಾತಾಡಿಸು. ಒಂದು ಜಮಖಾನಕ್ಕೆ ಎಷ್ಟು ದಿನ ಹಿಡಿಯುತ್ತದೆ, ಬಣ್ಣ ಎಲ್ಲಿಂದ ತರುತ್ತಾರೆ, ಅವರ ಹೆಣ್ಣುಮಕ್ಕಳು ಕಲಿಯುತ್ತಿದ್ದಾರಾ, ಎಲ್ಲಾ ಕೇಳಿಕೊಂಡು ಬಂದು ಉದ್ದಕ್ಕೆ ಬರೆ.

ಇಂತಿ ನಿನ್ನ,
ಹಾಸನದ ಗೆಳೆಯ