ಆರನೇ ಮಣಿ ಯಾರನ್ನು ತಾಗುತ್ತದೆ?

ಮಾನ್ಯ ಸಂಪಾದಕರೇ,

ಜೂನ್ 19ರ ವಿಶ್ವ ಸಿಕಲ್ ಸೆಲ್ ದಿನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಆದಿವಾಸಿಗಳ ಹಾಡಿಗಳಲ್ಲಿ ನಡೆದ ರಕ್ತ ತಪಾಸಣೆಗೆ ಅಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಒಂದು ಸಾಲು ಮನಸ್ಸಿಗೆ ಚುಚ್ಚಿತು. ‘ರಕ್ತ ಕೆಟ್ಟು ಬರುವ ಕಾಯಿಲೆ’ ಎಂದು ಬರೆದಿದ್ದೀರಿ. ನಾನು ಹೆಗ್ಗಡದೇವನಕೋಟೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹಾಡಿಯಿಂದ ಬರುವ ಮಕ್ಕಳು ನನ್ನ ತರಗತಿಯಲ್ಲಿ ಇದ್ದಾರೆ. ‘ನಿಮ್ಮ ರಕ್ತವೇ ಸರಿ ಇಲ್ಲ’ ಅನ್ನುವ ಮಾತನ್ನು ಅವರು ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದಾರೆ. ಕೆಟ್ಟಿರುವುದು ಏನು, ಎಲ್ಲಿ, ಎಷ್ಟು ಅನ್ನುವುದು ಇವತ್ತು ಪರಮಾಣು ಪರಮಾಣುವಿನ ಲೆಕ್ಕದಲ್ಲಿ ಗೊತ್ತಿದೆ. ಅದನ್ನು ಹೇಳಲು ಈ ಪತ್ರ.

ಈ ಕಾಯಿಲೆ ದ್ವಿತೀಯ ಪಿಯು ಪುಸ್ತಕದಲ್ಲಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿನ ಬೀಟಾ ಸರಪಳಿಯಲ್ಲಿ 6ನೇ ಜಾಗದ ಗ್ಲುಟಾಮಿಕ್ ಆಮ್ಲ ಅನ್ನುವ ಘಟಕ ಹೋಗಿ ವ್ಯಾಲೀನ್ ಬರುತ್ತದೆ. ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಮಿಸ್, ಆ ಸರಪಳಿಯಲ್ಲಿ 146 ಮಣಿ ಇದಾವೆ ಅಂತೀರಿ. ಒಂದೇ ಒಂದು ಬದಲಾದ್ರೆ ಇಷ್ಟೆಲ್ಲ ಯಾಕೆ ಆಗ್ಬೇಕು?’ ಅವಳ ತಮ್ಮನಿಗೆ ಈ ಕಾಯಿಲೆ ಇದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನಾಳೆ ಹೇಳ್ತೀನಿ’ ಅಂದೆ. ಆ ನಾಳೆ ಬರಲು ಮೂರು ವಾರ ಬೇಕಾಯಿತು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಅದರ ಒಂದೊಂದು ಘಟಕವನ್ನೂ ನಾವು ತರಗತಿಯಲ್ಲಿ ಮಣಿ ಅನ್ನುತ್ತೇವೆ. ಆದರೆ ಸರವನ್ನು ನೇರವಾಗಿ ಎಳೆದು ನೋಡಿದರೆ ಏನೂ ತಿಳಿಯುವುದಿಲ್ಲ. ಸೀರೆ ಮಡಚಿಟ್ಟಾಗ ಸೆರಗು ಒಳಸೆರಗಿನ ಪಕ್ಕಕ್ಕೇ ಬಂದು ಕೂರುತ್ತದೆ, ಅಲ್ವಾ? ಹಾಗೆಯೇ ಸರದಲ್ಲಿ ದೂರ ದೂರ ಇರುವ ಎರಡು ಮಣಿಗಳು ಮಡಿಕೆಯಲ್ಲಿ ಮೈ ತಾಗಿಸಿಕೊಂಡು ಕೂತಿರುತ್ತವೆ. ಹೀಗೆ ಯಾವ ಮಣಿ ಯಾವುದನ್ನು ತಾಗುತ್ತದೆ ಅಂತ ಪಟ್ಟಿ ಮಾಡುವುದನ್ನೇ ಕಾಂಟ್ಯಾಕ್ಟ್ ಅನಾಲಿಸಿಸ್ ಅನ್ನುತ್ತಾರೆ. ಒಂದು ಮಿಲಿಮೀಟರನ್ನು 1 ಕೋಟಿ ಪಾಲು ಮಾಡಿದರೆ ಒಂದು ಪಾಲು 1 ಆಂಗ್‌ಸ್ಟ್ರಾಮ್. ಎರಡು ಮಣಿಗಳ ಪರಮಾಣುಗಳು 4–5 ಆಂಗ್‌ಸ್ಟ್ರಾಮ್ ಒಳಗೆ ಬಂದರೆ ತಾಗಿವೆ ಅಂತ ಲೆಕ್ಕ. ಇನ್ನು ಕೆಲವರು ಪ್ರತಿ ಮಣಿಯಿಂದ ಒಂದೇ ಇಂಗಾಲವನ್ನು ಹಿಡಿದು, 8 ಆಂಗ್‌ಸ್ಟ್ರಾಮ್‌ವರೆಗೆ ಬಿಟ್ಟುಕೊಡುತ್ತಾರೆ. ಗಡಿ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು.

ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದು ಭಂಡಾರ ಇದೆ. 1971ರಲ್ಲಿ ಏಳು ರಚನೆಗಳಿಂದ ಶುರುವಾದದ್ದು ಈಗ 2 ಲಕ್ಷ ದಾಟಿದೆ. ಯಾರು ಬೇಕಾದರೂ ದುಡ್ಡಿಲ್ಲದೆ ತೆರೆದು ನೋಡಬಹುದು. ಅದರಲ್ಲಿ ‘2ಎಚ್‌ಬಿಎಸ್’ ಅನ್ನುವ ರಚನೆ ನಮ್ಮ ಕಾಯಿಲೆಯದೇ. ಆಮ್ಲಜನಕ ಬಿಟ್ಟುಕೊಟ್ಟ ಸಿಕಲ್ ಹಿಮೋಗ್ಲೋಬಿನ್ನಿನ ಎರಡು ಅಣುಗಳು ಅದರಲ್ಲಿ ಅಕ್ಕಪಕ್ಕ ಇವೆ.

ಒಂದು ಲ್ಯಾಪ್‌ಟಾಪ್, ಸುತ್ತ ಹನ್ನೊಂದು ಮಕ್ಕಳು. ಒಂದು ಬೀಟಾ ಸರಪಳಿಯ 6ನೇ ಮಣಿಯ ಮೇಲೆ ಒತ್ತಿದೆವು. ಸುತ್ತಲೂ ಖಾಲಿ, ಪಕ್ಕದ ಅಣುವಿನ ಒಂದು ಮಣಿಯೂ ಹತ್ತಿರ ಇರಲಿಲ್ಲ. ಮಕ್ಕಳ ಮುಖ ಬಾಡಿತು, ನನ್ನದೂ. ಆಮೇಲೆ ನೆನಪಾಯಿತು: ಒಂದು ಅಣುವಿನಲ್ಲಿ ಎರಡು ಬೀಟಾ ಸರಪಳಿ, ಅಂದರೆ ಎರಡು ವ್ಯಾಲೀನ್. ಪಕ್ಕದ ಅಣುವಿನ ಗುಳಿಯೊಳಗೆ ಇಳಿಯುವುದು ಅವುಗಳಲ್ಲಿ ಒಂದೇ. ಉಳಿದ ಸರಪಳಿಗಳನ್ನು ಒಂದೊಂದಾಗಿ ಒತ್ತುತ್ತಾ ಹೋದೆವು. ಒಂದು ಕಡೆ ವ್ಯಾಲೀನಿನ ಎದುರಿಗೆ, ಪಕ್ಕದ ಅಣುವಿನಿಂದ ಎರಡು ಮಣಿಗಳು ಕಾಣಿಸಿದವು. 85ನೇ ಫೀನೈಲ್‌ಅಲನೈನ್, 88ನೇ ಲ್ಯೂಸಿನ್. ‘ಇಲ್ಲಿದೆ ಮಿಸ್!’ ಅಂತ ಕೂಗಿದವಳು ಅದೇ ಹುಡುಗಿ.

ಅವಳ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಾವೇಶ ಇದೆ, ನೀರಿನ ಜೊತೆ ಅದು ಸುಖವಾಗಿರುತ್ತದೆ. ವ್ಯಾಲೀನ್ ಎಣ್ಣೆಯ ಜಾತಿ. ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಹನಿಗಳು ಒಂದನ್ನೊಂದು ಹುಡುಕಿ ಸೇರಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. 85 ಮತ್ತು 88 ಕೂಡ ಎಣ್ಣೆ ಜಾತಿಯವೇ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟಾಗ ಅವುಗಳ ಜಾಗದಲ್ಲಿ ಒಂದು ಗುಳಿ ಬಾಯಿ ತೆರೆಯುತ್ತದೆ. ವ್ಯಾಲೀನ್ ಅಲ್ಲಿಗೆ ಸರಿಯಾಗಿ ಕೂರುತ್ತದೆ. ಹೀಗೆ ಅಣುವಿಗೆ ಅಣು ಸೇರಿ, 14 ಎಳೆಗಳ ಹುರಿಯಾಗಿ ಹೊಸೆದುಕೊಂಡು, ಕಣವನ್ನು ಒಳಗಿನಿಂದಲೇ ಚಾಚಿ ಬಾಗಿಸುತ್ತದೆ. ಅಣುವಿನ ಒಳಗಿನ ಮಡಿಕೆ ಹೆಚ್ಚುಕಮ್ಮಿ ಎಲ್ಲರ ಹಿಮೋಗ್ಲೋಬಿನ್ನಿನಂತೆಯೇ ಇದೆ. ಆಮ್ಲಜನಕ ಹೊರುವ ಕೆಲಸವನ್ನೂ ಮಾಡುತ್ತದೆ. ಹೊರಮೈಯಲ್ಲಿ ಒಂದು ಕಡೆ ಪಕ್ಕದವನಿಗೆ ಅಂಟುವ ಜಾಗ ಹುಟ್ಟಿಕೊಂಡಿದೆ, ಅಷ್ಟೇ. ಇದಕ್ಕೆ ‘ರಕ್ತ ಕೆಟ್ಟಿದೆ’ ಅನ್ನಬಹುದಾ?

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ‘ತಮ್ಮ ಹುಟ್ಟಿದಾಗ ಚೆನ್ನಾಗೇ ಇದ್ದ ಮಿಸ್. ಕೆಲವು ತಿಂಗಳು ಆದ್ಮೇಲೇ ಕೈಕಾಲು ಊದಿ ಅಳೋಕೆ ಶುರು ಮಾಡಿದ್ದು. ಯಾರದ್ದೋ ದೃಷ್ಟಿ ಅಂತಾರೆ ಅವ್ವ.’ ಅದಕ್ಕೂ ಈ ಪಟ್ಟಿಯಲ್ಲಿ ಉತ್ತರ ಇದೆ. ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಬದಲು ಗಾಮಾ ಸರಪಳಿ. ಗಾಮಾದ 6ನೇ ಜಾಗದಲ್ಲಿ ವ್ಯಾಲೀನ್ ಇಲ್ಲ. ಜೊತೆಗೆ, ಗುಳಿಯ ಅಂಚಿನಲ್ಲೇ ಇರುವ 87ನೇ ಜಾಗದಲ್ಲಿ ಬೀಟಾದ ಥ್ರಿಯೋನೈನ್ ಬದಲು ಗ್ಲುಟಮೈನ್ ಇದೆ. ಅದು ಉದ್ದ ಕೈಯಿನ ಮಣಿ, ಆ ಜಾಗದ ತಾಗುವಿಕೆಯನ್ನು ಕೆಡಿಸಿಬಿಡುತ್ತದೆ. ಹುಟ್ಟಿದ ಮೇಲೆ ಗಾಮಾ ನಿಧಾನವಾಗಿ ಕಡಿಮೆಯಾಗಿ ಬೀಟಾ ಜಾಸ್ತಿಯಾಗುತ್ತದೆ, ಆಗ ನೋವು ಶುರು. ವೈದ್ಯರು ಕೊಡುವ ಹೈಡ್ರಾಕ್ಸಿಯೂರಿಯಾ ಮುಖ್ಯವಾಗಿ ಕೆಲಸ ಮಾಡುವುದು ಗಾಮಾ ಇರುವ ಆ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ.

2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲಿಫ್‌ಜೀನಿಯಾ ಅನ್ನುವ ಜೀನ್ ಚಿಕಿತ್ಸೆ ನಿಂತಿರುವುದೂ ಇದೇ 87ನೇ ಮಣಿಯ ಮೇಲೆ. ಬೀಟಾ ಸರಪಳಿಯ ಜೀನಿನಲ್ಲಿ ಆ ಒಂದು ಜಾಗವನ್ನು ಗ್ಲುಟಮೈನ್‌ಗೆ ತಿದ್ದಿ ರೋಗಿಯ ಕೋಶಗಳಿಗೆ ಸೇರಿಸುತ್ತಾರೆ. ಬೆಲೆ ನಮ್ಮ ಲೆಕ್ಕದಲ್ಲಿ 25 ಕೋಟಿ ರೂಪಾಯಿಗೂ ಜಾಸ್ತಿ. ನಮ್ಮ ಹಾಡಿಯ ಮಗುವಿಗೆ ಅದು ಸದ್ಯಕ್ಕೆ ಎಟುಕುವುದಿಲ್ಲ, ಅದು ಸಂಕಟದ ಮಾತು. ಆದರೆ ಆ ಚಿಕಿತ್ಸೆಯ ಹಿಂದಿನ ತಿಳಿವಳಿಕೆ ಎಟುಕುತ್ತದೆ. ನನ್ನ ವಿದ್ಯಾರ್ಥಿನಿ ಅದನ್ನು ಕಣ್ಣಾರೆ ನೋಡಿದ್ದಾಳೆ.

ಈಗ ಎಲ್ಲರೂ ಆಲ್ಫಾಫೋಲ್ಡ್ ಬಗ್ಗೆ, ಅಂದರೆ ಪ್ರೋಟೀನಿನ ಆಕಾರವನ್ನು ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ, ಮಾತಾಡುತ್ತಾರೆ. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು, ಸಂತೋಷ. ಅದರ ಬೇರಿನಲ್ಲೂ ಇದೇ ಪ್ರಶ್ನೆ ಇದೆ: ಯಾವ ಮಣಿ ಯಾವುದರ ಹತ್ತಿರ? ತಾಗಿಕೊಂಡಿರುವ ಎರಡು ಮಣಿಗಳಲ್ಲಿ ಒಂದು ಬದಲಾದರೆ, ವಿಕಾಸದ ದಾರಿಯಲ್ಲಿ ಇನ್ನೊಂದೂ ಎಷ್ಟೋ ಸಲ ಜೊತೆಯಲ್ಲೇ ಬದಲಾಗಿರುತ್ತದೆ. ಆ ಜಾಡು ಹಿಡಿದೇ ದೂರಗಳನ್ನು ಊಹಿಸಿದರು. ಆದರೆ ಒಂದು ಮಣಿ ಬದಲಾದರೆ ಪಕ್ಕದ ಅಣುವಿನ ಜೊತೆ ಏನಾಗುತ್ತದೆ ಅನ್ನುವುದಕ್ಕೆ ಅದನ್ನೇ ನೆಚ್ಚಿಕೊಳ್ಳಲು ಆಗದು. 2ಎಚ್‌ಬಿಎಸ್ ಥರದ, ಹರಳು ಬೆಳೆಸಿ ಎಕ್ಸ್‌ರೇಯಲ್ಲಿ ನೋಡಿದ ರಚನೆ ಬೇಕೇ ಬೇಕು. ನಮ್ಮವರೇ ಆದ ವಿಜ್ಞಾನಿ ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದ್ರಾಸಿನಲ್ಲಿ ಸಂಗಡಿಗರ ಜೊತೆ ಹಾಕಿದ, ಪ್ರೋಟೀನಿನ ಸರ ಹೇಗೆಲ್ಲ ಬಾಗಬಹುದು ಅಂತ ತೋರಿಸುವ ನಕ್ಷೆಯೂ ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಅನ್ನುವ ಲೆಕ್ಕದಿಂದಲೇ ಹುಟ್ಟಿದ್ದು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ವಿಭಾಗದಲ್ಲೇ ಸರಸ್ವತಿ ವಿಶ್ವೇಶ್ವರ ಅವರು ಪ್ರೋಟೀನನ್ನು ಮಣಿಗಳ ಜಾಲವಾಗಿ ನೋಡುವ ಕೆಲಸ ಮಾಡಿದರು. ಮೈಸೂರು ಜಿಲ್ಲೆಯ ಮಕ್ಕಳಿಗೆ ಇದು ನಾಲ್ಕು ಗಂಟೆ ದಾರಿಯ ಊರಿನಲ್ಲಿ ನಡೆದ ಕೆಲಸ.

ನನ್ನ ಕೋರಿಕೆ ಎರಡು. ಮುಂದಿನ ಸಲ ಈ ಕಾಯಿಲೆಯ ಬಗ್ಗೆ ಬರೆಯುವಾಗ ಬಾಗಿದ ಕಣದ ಚಿತ್ರದ ಪಕ್ಕದಲ್ಲಿ ವ್ಯಾಲೀನ್ ಗುಳಿಯೊಳಗೆ ಇಳಿದ ಚಿತ್ರವನ್ನೂ ಹಾಕಿ. ಮತ್ತೆ, ಪಿಯು ಪ್ರಯೋಗಗಳ ಪಟ್ಟಿ ತಯಾರಿಸುವವರು ಈ ಒಂದು ಗಂಟೆಯ ಪಾಠವನ್ನು ಸೇರಿಸಬೇಕು. ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಸಾಕು. ಎಲ್ಲಿ ಒತ್ತಬೇಕು, ಏನು ನೋಡಬೇಕು ಅಂತ ಕನ್ನಡದಲ್ಲಿ ಎರಡು ಪುಟ ಬರೆದಿಟ್ಟಿದ್ದೇನೆ. ಮೊದಲು ಒತ್ತಿದ ವ್ಯಾಲೀನಿನ ಸುತ್ತ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ ಅಂತಲೂ ಅದರಲ್ಲಿ ಇದೆ. ಬೇಕೆನ್ನುವ ಉಪನ್ಯಾಸಕರು ನಿಮ್ಮ ಕಚೇರಿಗೆ ಬರೆದರೆ, ನಾನು ಪ್ರತಿ ಕಳಿಸಿಕೊಡುತ್ತೇನೆ.

ಇತಿ,
ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ
ಹೆಗ್ಗಡದೇವನಕೋಟೆ ತಾಲ್ಲೂಕು