ರಸೀದಿಯ ಮೇಲಿನ ಸಮಯದ ಬದಲಾವಣೆ: ಸದಸ್ಯರಿಗೆ ಪತ್ರ

ಮಾನ್ಯ ಸದಸ್ಯ ಬಂಧುಗಳೇ,

ಮುಂದಿನ ತಿಂಗಳ ಮೊದಲ ಸೋಮವಾರದಿಂದ ನಮ್ಮ ಸಂಘದ ರಸೀದಿ ಮತ್ತು ಪಾಸ್‌ಬುಕ್ಕುಗಳಲ್ಲಿ ಅಚ್ಚಾಗುವ ಸಮಯವು ಆಯಾ ಶಾಖೆಯ ಕಂಪ್ಯೂಟರಿನದ್ದಾಗಿರುವುದಿಲ್ಲ. ಬೆಂಗಳೂರಿನ ಡೇಟಾ ಸೆಂಟರಿನಲ್ಲಿದ್ದು ನಮ್ಮೆಲ್ಲ ಶಾಖೆಗಳ ಲೆಕ್ಕ ನಡೆಸುವ ಮೇನ್‌ಫ್ರೇಮ್ ಕಂಪ್ಯೂಟರಿನ ಸಮಯವೇ ಎಲ್ಲ ಕಡೆ ಬರುತ್ತದೆ. ಈ ಬದಲಾವಣೆಗೆ ನಮ್ಮಿಂದಾದ ಒಂದು ತಪ್ಪು ಕಾರಣವಾಗಿರುವುದರಿಂದ, ಅದನ್ನೇ ಮೊದಲು ತಿಳಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ನಮ್ಮ ಶಾಖೆಯೊಂದರಲ್ಲಿ ಮೂರು ದಿನ ವಿದ್ಯುತ್ ಇರಲಿಲ್ಲ. ವಿದ್ಯುತ್ ಬಂದಾಗ ಕೌಂಟರಿನ ಕಂಪ್ಯೂಟರ್ ಯಾವುದೋ ಹಳೆಯ ತಾರೀಕು ತೋರಿಸುತ್ತಿತ್ತು. ಅದರೊಳಗಿನ ನಾಣ್ಯದ ಗಾತ್ರದ ಬ್ಯಾಟರಿ ಮುಗಿದುಹೋಗಿತ್ತು. ಸಿಬ್ಬಂದಿ ಗೋಡೆಯ ಗಡಿಯಾರ ನೋಡಿ ಸಮಯ ಸರಿಪಡಿಸಿದರು. ಆ ಗಡಿಯಾರವೇ ಹನ್ನೊಂದು ನಿಮಿಷ ಮುಂದಿತ್ತು. ಅಂದು ಕರಿಮೆಣಸು ಮಾರಿದ ಹಣವನ್ನು ಸದಸ್ಯರೊಬ್ಬರು 11.10ಕ್ಕೆ ಕಟ್ಟಿದರೆ ರಸೀದಿಯಲ್ಲಿ 11.21 ಎಂದು ಬಿತ್ತು. ಅವರು ಗೊಬ್ಬರದ ಅಂಗಡಿಗೆ ಕೊಟ್ಟಿದ್ದ ಚೆಕ್ಕು ನಮ್ಮ ಇನ್ನೊಂದು ಶಾಖೆಗೆ ಬಂದದ್ದು 11.15ಕ್ಕೆ. ರಾತ್ರಿ ದಿನದ ಲೆಕ್ಕ ಮುಗಿಸುವಾಗ ನಮೂದುಗಳನ್ನು ಸಮಯದ ಕ್ರಮದಲ್ಲಿ ಜೋಡಿಸಲಾಗುತ್ತದೆಯಾದ್ದರಿಂದ, ಚೆಕ್ಕು ಬಂದಾಗ ಖಾತೆಯಲ್ಲಿ ಹಣವಿರಲಿಲ್ಲವೆಂದು ತೀರ್ಮಾನವಾಗಿ, ಚೆಕ್ಕು ವಾಪಸಾಗಿ, ಶುಲ್ಕವೂ ಬಿತ್ತು. ಶುಲ್ಕವನ್ನು ಹಿಂದಿರುಗಿಸಿ, ಅಂಗಡಿಯವರಿಗೂ ಪತ್ರ ಬರೆದುಕೊಟ್ಟೆವು. ಆದರೂ ಹಣ ಕಟ್ಟಿ ಮನೆಗೆ ಹೋದ ಮನುಷ್ಯನಿಗೆ ಊರಿನಲ್ಲಿ ತಲೆತಗ್ಗಿಸುವಂತಾದದ್ದಕ್ಕೆ ನಾವು ಮನಸಾರೆ ವಿಷಾದಿಸುತ್ತೇವೆ.

ಬ್ಯಾಟರಿ ಸರಿಯಿದ್ದರೂ ಈ ತೊಂದರೆ ಪೂರ್ತಿ ತಪ್ಪುವುದಿಲ್ಲ. ಸಾಮಾನ್ಯ ಕಂಪ್ಯೂಟರಿನ ಗಡಿಯಾರ ನಡೆಯುವುದು ಸ್ಫಟಿಕದ ಒಂದು ಚೂರಿನ ಕಂಪನದಿಂದ. ಅದು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡಿನ ಮೇಲೆ ವ್ಯತ್ಯಾಸವಾಗುತ್ತದೆ. ಚಳಿಗೂ ಸೆಕೆಗೂ ಅದರ ನಡಿಗೆ ಬದಲಾಗುವುದರಿಂದ, ಮಡಿಕೇರಿಯ ಕಂಪ್ಯೂಟರೂ ಕುಶಾಲನಗರದ್ದೂ ಒಂದೇ ರೀತಿ ತಪ್ಪುತ್ತವೆಂದು ಲೆಕ್ಕ ಹಾಕುವಂತೆಯೂ ಇಲ್ಲ.

ಮೇನ್‌ಫ್ರೇಮಿನಲ್ಲಿ ಸಮಯಕ್ಕೆ ಇರುವ ಸ್ಥಾನವೇ ಬೇರೆ. ಅಲ್ಲಿ ನಮ್ಮ ಒಂದೇ ಖಾತೆ ಪುಸ್ತಕವನ್ನು ಎರಡು ಯಂತ್ರಗಳು ಏಕಕಾಲಕ್ಕೆ ಬರೆಯುತ್ತಿರುತ್ತವೆ, ಮತ್ತು ತಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಆಯಾ ಯಂತ್ರವು ಸಮಯಸಹಿತ ಪ್ರತ್ಯೇಕ ದಾಖಲೆಯಲ್ಲಿ ಇಟ್ಟುಕೊಳ್ಳುತ್ತದೆ. ಏನಾದರೂ ಕೆಟ್ಟು ಲೆಕ್ಕವನ್ನು ಮತ್ತೆ ಕಟ್ಟಬೇಕಾಗಿ ಬಂದರೆ ಆ ಎರಡು ದಾಖಲೆಗಳನ್ನು ಸಮಯ ನೋಡಿಯೇ ಒಂದರೊಳಗೊಂದು ಹೆಣೆಯಬೇಕು. ಆದ್ದರಿಂದ ಅವುಗಳ ಗಡಿಯಾರ 1900ರ ಜನವರಿ 1ರಿಂದ ಮೊದಲ್ಗೊಂಡು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಸಣ್ಣ ಅಳತೆಯಲ್ಲಿ ಎಣಿಸುತ್ತದೆ, ಮತ್ತು ಸರ್ವರ್ ಟೈಮ್ ಪ್ರೋಟೊಕಾಲ್ ಎಂಬ ವ್ಯವಸ್ಥೆಯ ಮೂಲಕ ಎರಡೂ ಯಂತ್ರಗಳು ಒಂದೇ ಸಮಯಕ್ಕೆ ಬದ್ಧವಾಗಿರುತ್ತವೆ. ಒಂದು ಯಂತ್ರ ಸಮಯ ಕೊಡುತ್ತದೆ. ಅದು ನಿಂತರೆ ಇನ್ನೊಂದು ಆ ಕೆಲಸ ವಹಿಸಿಕೊಳ್ಳುತ್ತದೆ.

ನಮಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಗಡಿಯಾರ ಮುಂದೆ ಹೋಗಿದ್ದರೂ ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಹಿಂದಕ್ಕೆ ತಿರುಗಿಸಿದರೆ ಒಂದೇ ಕ್ಷಣ ಎರಡು ಸಲ ಬಂದು ಯಾವ ನಮೂದು ಮೊದಲಿನದೆಂಬುದೇ ತಿಳಿಯದಾಗುತ್ತದೆ. ಅದರ ಬದಲು ನಡಿಗೆಯನ್ನೇ ತುಸು ನಿಧಾನ ಮಾಡುತ್ತಾರೆ. ಒಂದು ಸೆಕೆಂಡು ಸರಿಹೋಗಲು ಸುಮಾರು ಏಳು ಗಂಟೆ ಹಿಡಿಯುತ್ತದೆ.

ಆ ಯಂತ್ರಗಳಿಗೆ ಸಮಯ ಬರುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಿಂದ. ಭಾರತೀಯ ಪ್ರಮಾಣ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವ ಸಂಸ್ಥೆ ಅದು. ಡೇಟಾ ಸೆಂಟರುಗಳೂ ಸಂಸ್ಥೆಗಳೂ ಆ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯಕ್ಕೆ ಹೊಂದಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನವನ್ನೂ ನೀಡಿದೆ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿಯಾದ ಮುಹೂರ್ತ ನೋಡಿಕೊಂಡು ಸುಗ್ಗಿಯ ಹಬ್ಬವಾದ ಪುತ್ತರಿಯಂದು ಎಲೆಗಳ ನೆರೆ ಕಟ್ಟಿ ಭತ್ತದ ಕದಿರು ತೆಗೆಯುವ ನಮಗೆ, ಒಂದೇ ಕಡೆಯಿಂದ ಬಂದ ಸಮಯವನ್ನು ಇಡೀ ನಾಡು ಪಾಲಿಸುವುದು ಹೊಸ ವಿಷಯವಲ್ಲ.

ಬದಲಾವಣೆಯ ಕೆಲಸ ಹಿಂದಿನ ದಿನ, ಭಾನುವಾರ, ನಡೆಯುತ್ತದೆ. ಅಂದು ಮೊಬೈಲ್ ಆ್ಯಪ್‌ನಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಬಾಕಿ ನೋಡಬಹುದೇ ಹೊರತು ಹಣ ವರ್ಗಾಯಿಸಲಾಗದು. ಸೋಮವಾರದಿಂದ ರಸೀದಿಯಲ್ಲಿ ಗಂಟೆ, ನಿಮಿಷಗಳ ಜೊತೆಗೆ ಸೆಕೆಂಡೂ ಇರುತ್ತದೆ. ನಿಮ್ಮ ಕೈಗಡಿಯಾರಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ದಯವಿಟ್ಟು ಗಾಬರಿಯಾಗಬೇಡಿ.

ಜೋರು ಮಳೆಯಲ್ಲಿ ಬೆಂಗಳೂರಿನೊಂದಿಗಿನ ಸಂಪರ್ಕದ ಲೈನ್ ಹೋದರೆ ಏನು ಮಾಡುತ್ತೀರಿ ಎಂದು ಹಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ ಅದು. ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಸರ್ವರ್ ಇಟ್ಟಿದ್ದೇವೆ. ಲೈನ್ ಇರುವಾಗ ಅದು ಕೇಂದ್ರದ ಸಮಯದೊಂದಿಗೆ ತನ್ನನ್ನು ಹೋಲಿಸಿಕೊಂಡು ತಾನೆಷ್ಟು ತಪ್ಪುತ್ತೇನೆಂಬುದನ್ನು ಗುರುತಿಟ್ಟುಕೊಂಡಿರುತ್ತದೆ. ಲೈನ್ ಕಡಿದಾಗ ಆ ಲೆಕ್ಕದಿಂದಲೇ ಸಮಯ ಕಾಯುತ್ತದೆ. ಅಂಥ ಹೊತ್ತಿನ ರಸೀದಿಯ ಮೇಲೆ ‘ತಾತ್ಕಾಲಿಕ ಸಮಯ’ ಎಂದು ಅಚ್ಚಾಗಿರುತ್ತದೆ. ಅದನ್ನು ಎಸೆಯದೆ ಇಟ್ಟುಕೊಳ್ಳಿ. ಲೈನ್ ಬಂದ ಮೇಲೆ ಶಾಖಾ ವ್ಯವಸ್ಥಾಪಕರು ಸ್ವತಃ ನೋಡಿ ಒಪ್ಪುವ ತನಕ, ಅಂಥ ನಮೂದನ್ನು ಆಧಾರವಾಗಿಟ್ಟುಕೊಂಡು ಯಾವ ಚೆಕ್ಕನ್ನೂ ವಾಪಸು ಮಾಡುವುದಿಲ್ಲ, ಯಾವ ಶುಲ್ಕವನ್ನೂ ಹಾಕುವುದಿಲ್ಲ.

ಕಳೆದ ಜೂನ್‌ನಿಂದ ಈಚೆಗೆ ನಿಮ್ಮ ಖಾತೆಯಲ್ಲೂ ಜಮೆ, ಖರ್ಚುಗಳ ಕ್ರಮ ಹಿಂದುಮುಂದಾಗಿದೆ ಅನ್ನಿಸಿದರೆ ಪಾಸ್‌ಬುಕ್ ಮತ್ತು ರಸೀದಿಗಳನ್ನು ಯಾವ ಶಾಖೆಗಾದರೂ ತನ್ನಿ. ಅರ್ಜಿ ಬರೆಯಬೇಕಾಗಿಲ್ಲ, ಕೌಂಟರಿನಲ್ಲೇ ನಿಮ್ಮೆದುರು ಪರಿಶೀಲಿಸಿ, ತಪ್ಪಾಗಿ ಹಿಡಿದ ಶುಲ್ಕವಿದ್ದರೆ ಅದೇ ದಿನ ಖಾತೆಗೆ ಜಮೆ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ, ಮಡಿಕೇರಿ